ಕುಸಿದ ವೋಲ್ಟೇಜು

ಸೂಲೂರಿನ ಕಾಲೇಜಿನಲ್ಲಿ ನನಗೆ ಪ್ರಯೋಗ ಕಲಿಸಿದ ಲ್ಯಾಬ್ ಅಟೆಂಡರು ನೆಗಮಂನ ನೇಕಾರರ ಮನೆಯವರು. ಕಡಿದ ನೂಲಿಗೆ ಗಂಟು ಹಾಕುವ ಬೆರಳುಗಳಿಂದಲೇ ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುತ್ತಿದ್ದರು. “ಅಳ್ದದ್ದ ಬರಿ, ತಂಬಿ” ಎನ್ನುವುದು ಅವರ ಬಾಯಿಗಂಟಿದ ಮಾತು; ತಂಬಿ ಎಂದರೆ ತಮಿಳಿನಲ್ಲಿ ತಮ್ಮ.

ನಾವು ಅಳೆಯುತ್ತಿದ್ದ ಅರೆವಾಹಕಕ್ಕೆ ಬೇರೆ ಧಾತುವಿನ ಬೆರಕೆ ಹೆಚ್ಚಿಸಿದಂತೆ ಅದು ಲೋಹದಂತಾಯಿತು. ಕರೆಂಟು ಸರಾಗವಾಗಿ ಹರಿಯಿತು. ಒಂದು ತುದಿ ಕಾಯಿಸಿದರೆ ಹುಟ್ಟುತ್ತಿದ್ದ ವೋಲ್ಟೇಜು ಮಾತ್ರ ಕುಸಿಯಿತು. ಲೋಹಕ್ಕೆ ಹತ್ತಿರವಾದಷ್ಟೂ ಅದು ಕುಸಿಯಲೇಬೇಕು. ಆದರೆ ಈ ಪ್ರಯೋಗ ಮಾಡಿಸುತ್ತಿದ್ದ ಪ್ರೊಫೆಸರರಿಗೆ ತಮ್ಮ ಪ್ರಬಂಧದ ನಕ್ಷೆಗೆ ವೋಲ್ಟೇಜು ಏರುವ ಗೆರೆ ಬೇಕಿತ್ತು. ಅಟೆಂಡರರ ಬೆಸುಗೆಯೇ ಸರಿಯಿಲ್ಲವೆಂದು ಎಲ್ಲರೆದುರು ಬೈದು, ಅಂಕಿ ಏರಿಸಿ ಬರೆಯಲು ನನಗೆ ಹೇಳಿದರು. ಥೂ, ನಾನು ಬರೆದೆ.

ಅಟೆಂಡರು ಮೂರು ಸಲ ಬೆಸುಗೆ ಬಿಚ್ಚಿ, ಮತ್ತೆ ಹಾಕಿ ಅಳೆದರು. ಮೂರು ಸಲವೂ ವೋಲ್ಟೇಜು ಮೊದಲು ಕುಸಿದಷ್ಟೇ ಬಂತು. ಆಮೇಲೆ ನನ್ನ ಲ್ಯಾಬ್ ಪುಸ್ತಕದಲ್ಲಿ ಏರಿಸಿ ಬರೆದ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು: “ಬೆಸ್ಗೆ ನಂದು, ತಂಬಿ. ಈ ನಂಬರ್ ಯಾರ್ದು?”