ತೊಳೆದು ತಂದ ಡಬ್ಬಿ

ಪುಣೆಯಲ್ಲಿ ಏನು ಕೆಲಸ ಎಂದು ನೆಂಟರು ಕೇಳಿದರೆ ‘ಪ್ರೊಟೀನುಗಳ ಸಂಶೋಧನೆ’ ಎನ್ನುತ್ತಿದ್ದೆ. ಸುಳ್ಳಲ್ಲ. ಆದರೆ ಆ ಪ್ರೊಟೀನುಗಳ ಸಮಾಚಾರ ನಮಗೆ ಯಾವ ರೂಪದಲ್ಲಿ ಬಂದು ತಲುಪುತ್ತಿತ್ತು ಎಂಬುದನ್ನು ಊಟದ ಹೊತ್ತಿನಲ್ಲಿ ಹೇಳುವಂತಿರಲಿಲ್ಲ. ನಾನು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಜನರ ಮಲ ತೂಗುತ್ತಿದ್ದೆ.

ತೂಗುವುದು ಕಷ್ಟವಲ್ಲ. ತರಿಸುವುದು ಕಷ್ಟ. ಗುರುತಿನ ಚೀಟಿ ಅಂಟಿಸಿದ ನಮ್ಮ ತಗಡಿನ ಡಬ್ಬಿಯನ್ನು ಮನೆಯಲ್ಲಿ ಜೋಪಾನವಾಗಿ ಎತ್ತಿಟ್ಟು, ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ತಂದವರಿದ್ದಾರೆ. ಹಡಪಸರದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಯಜಮಾನರೊಬ್ಬರು ಸ್ಟೀಲಿನ ಡಬ್ಬಿಯಲ್ಲಿ ತಂದು, ಮರುದಿನ ಅದನ್ನು ಕೇಳಿಕೊಂಡು ಬಂದರು. “ವಾಪಸ್ ಕೊಡಿ ಮಾರಾಯ್ರೆ, ಹೆಂಡತಿಯ ಹೆಸರು ಕೊರೆಸಿದ್ದುಂಟು ಅದರಲ್ಲಿ!” ಹೆಸರು ನಾನೂ ಓದಿದ್ದೆ. ಆ ತಾಯಿಗೆ ಈ ವಿಷಯ ಗೊತ್ತಿರಲಾರದು ಎಂದು ಅಂದಾಜು ಮಾಡಿ ಸುಮ್ಮನೆ ಕೊಟ್ಟು ಕಳಿಸಿದೆ.

ಇಷ್ಟೆಲ್ಲ ಪಾಡು ಯಾತಕ್ಕೆ ಎಂದರೆ, ಜಠರದ ಹಿಂದೆ ಅಡಗಿ ಕೂತ ಮೇದೋಜೀರಕ ಗ್ರಂಥಿಗಾಗಿ. ಅದು ಕೆಲವು ಪ್ರೊಟೀನುಗಳನ್ನು ಸುರಿಸುತ್ತದೆ. ಒಂದು ಪಿಷ್ಟವನ್ನು ಒಡೆಯುತ್ತದೆ, ಇನ್ನೊಂದು ಕೊಬ್ಬನ್ನು. ಕಚೇರಿಯ ಗುಮಾಸ್ತರಂತೆ ಒಬ್ಬರ ಮೇಜಿನ ಕಾಗದವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕೊಬ್ಬಿನ ಗುಮಾಸ್ತ ರಜೆ ಹಾಕಿದನೋ, ತಿಂದ ತುಪ್ಪವೆಲ್ಲ ಸಹಿಯಾಗದೆ ಹಾಗೇ ಹೊರಗೆ ಹೋಗುತ್ತದೆ, ಮನುಷ್ಯ ಉಣ್ಣುತ್ತಲೇ ಬಡಕಲಾಗುತ್ತಾನೆ. ಇದನ್ನು ಪತ್ತೆ ಮಾಡಲು ರೋಗಿಗೆ ಮೂರು ದಿನ ಅಳತೆ ಮಾಡಿದ ತುಪ್ಪ ತಿನ್ನಿಸಿ, ಮೂರು ದಿನದ್ದನ್ನೂ ಡಬ್ಬಿಯಲ್ಲಿ ತರಿಸಿ, ಅದರಲ್ಲಿ ಎಷ್ಟು ಕೊಬ್ಬು ಉಳಿದಿದೆ ಎಂದು ನೋಡುತ್ತಿದ್ದೆವು. ಹೆಚ್ಚಿದ್ದರೆ ರೋಗ ಉಂಟು, ನಮ್ಮ ಅಧ್ಯಯನಕ್ಕೆ ಸೇರಿಸಿ, ಕಮ್ಮಿಯಾದ ಆ ಪ್ರೊಟೀನನ್ನೇ ತುಂಬಿದ ಮಾತ್ರೆ ಪುಕ್ಕಟೆ. ಇಲ್ಲದಿದ್ದರೆ ಹೆಸರಿನ ಮೇಲೆ ಗೆರೆ.

ತೊಂಬತ್ತರ ದಶಕದ ಕೊನೆಯಲ್ಲಿ ಶರಣಪ್ಪ ಬಂದ. ಯಾದಗಿರಿ ಕಡೆಯವನು, ವಾಕಡದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಗೌಂಡಿ. ಮೈಮೇಲಿನ ಅಂಗಿ ಹಿರಿಯಣ್ಣನದ್ದೇನೋ ಎಂಬಷ್ಟು ಸಡಿಲ. ಇನ್ನೊಂದು ತಿಂಗಳು ಹೀಗೇ ಇಳಿದರೆ ಇಟ್ಟಿಗೆ ಎತ್ತುವ ಮಾತಿರಲಿ, ತಾನೇ ಏಳಲಾರ. ಕನ್ನಡದವರೆಲ್ಲ ನನ್ನ ಪಾಲು ಎಂದು ನಮ್ಮ ಮರಾಠಿ ಡಾಕ್ಟರ್ ಮ್ಯಾಡಮ್ ಅವನನ್ನು ನನ್ನ ಕಡೆ ಕಳಿಸಿದರು. ಅವನಿಗೂ ಹೆಂಡತಿ ನೀಲಮ್ಮನಿಗೂ ಎಲ್ಲ ವಿವರಿಸಿ, ತುಪ್ಪದ ಪೊಟ್ಟಣಗಳನ್ನೂ ಡಬ್ಬಿಯನ್ನೂ ಕೊಟ್ಟೆ. ಮೂರು ದಿನ ಇದರಲ್ಲೇ ಹಿಡಿದಿಡಬೇಕು, ನಾಲ್ಕನೆಯ ದಿನ ಡಬ್ಬಿ ತರಬೇಕು.

ನಾಲ್ಕನೆಯ ದಿನ ಡಬ್ಬಿ ಬಂತು, ಬೆಳ್ಳಿಯ ಹಾಗೆ ಹೊಳೆಯುತ್ತ. ಮುಚ್ಚಳ ತೆಗೆದೆ. ಒಳಗೆ ಮರಾಠಿ ಪೇಪರಿನ ಪೊಟ್ಟಣ, ಪೊಟ್ಟಣದಲ್ಲಿ ಶೇಂಗಾದ ಉಂಡೆ.

“ಯವ್ವಾ, ಒಳಗಿಂದು ಎಲ್ಲಿ?”

“ಮೂರ ದಿನಾನೂ ಹಿಡದಿಟ್ಟಿದ್ದೆವ್ರೀ ಅಣ್ಣಾರ. ಮುಂಜಾನೆ ಚೆಲ್ಲಿ, ಬೂದಿ ಹಚ್ಚಿ ತಿಕ್ಕಿ ತಂದೀನಿ. ನಿಮ್ಮ ಕೈಯಾಗ ಹೊಲಸ ಕೊಡೂದೇನ್ರಿ?”

“ಮತ್ತ ಈ ಉಂಡಿ?”

“ಖಾಲಿ ಡಬ್ಬಿ ಹ್ಯಾಂಗ ಕೊಡೂದ್ರಿ?”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಯಾವ ಬಾಯಿಂದ ಬೈಯಲಿ? ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು, ಕೊನೆಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕೆಂದು ನನ್ನ ತಾಯಿಯೂ ಕಲಿಸಿದ್ದಳು. ಮ್ಯಾಡಮ್ ಇಣುಕಿ ನೋಡಿ, ಮರಾಠಿಯಲ್ಲಿ “ಎಸೆಯಿರಿ ಅದನ್ನ” ಎಂದರು. ಆ ಡಬ್ಬಿಯಿಂದ ಬಂದದ್ದನ್ನು ತಿನ್ನುವುದಂತೂ ಆಗದು. ಎಸೆಯಲೂ ಕೈ ಬರಲಿಲ್ಲ. ಮೇಜಿನ ಖಾನೆಗೆ ಸೇರಿಸಿದೆ.

ಹೊಸ ಡಬ್ಬಿ, ಹೊಸ ತುಪ್ಪ. ಈ ಸಲ ‘ತೊಳೆಯಬಾರದು’ ಎಂದು ಮೂರು ಸಲ ಹೇಳಿದೆ. ಡಬ್ಬಿ ಸರಿಯಾಗಿಯೇ ಬಂತು. ತೂಗಿದೆ, ಕೊಬ್ಬು ತೆಗೆದೆ, ಇನ್ನೊಮ್ಮೆ ತೆಗೆದೆ. ಎರಡು ಸಲವೂ ಉತ್ತರ ಒಂದೇ: ಎಲ್ಲರಿಗೆ ಇರುವಷ್ಟೇ. “ಈತನಿಗೆ ಈ ರೋಗ ಇಲ್ಲ, ತೆಗೆದುಬಿಡಿ” ಎಂದರು ಮ್ಯಾಡಮ್.

ಪಟ್ಟಿಯಲ್ಲಿ ಗೆರೆ ಎಳೆಯುವವನು ನಾನೇ. ಸೀಸದ ಕಡ್ಡಿಗಾಗಿ ಖಾನೆ ಎಳೆದೆ. ಉಂಡೆಯ ಪೊಟ್ಟಣ ಅಲ್ಲೇ ಇತ್ತು. ಒಂದು ವಾರದಲ್ಲಿ ಪೇಪರು ಜಿಡ್ಡು ಕುಡಿದು ಗಾಜಿನಂತಾಗಿತ್ತು. ಕಿಟಕಿಗೆ ಹಿಡಿದರೆ ಆಚೆಯ ಬೇವಿನ ಮರ ಕಾಣುತ್ತಿತ್ತು. ಕೊಬ್ಬಿದೆಯೋ ಇಲ್ಲವೋ ನೋಡಲು ಕಾಗದಕ್ಕೆ ಒರಸಿ ಬೆಳಕಿಗೆ ಹಿಡಿಯಬೇಕೆಂದು ಶಾಲೆಯಲ್ಲಿ ಕಲಿಸುತ್ತಾರಲ್ಲ, ಅದೇ. ಮೂಸಿದೆ. ತುಪ್ಪ. ಗೌಂಡಿಯ ತಗಡಿನ ಶೆಡ್ಡಿನಲ್ಲಿ ಉಂಡೆ ಕಟ್ಟುವಷ್ಟು ತುಪ್ಪ ಎಲ್ಲಿಂದ ಬರಬೇಕು? ನಾವು ಕೊಟ್ಟದ್ದೇ! ಆ ಸಲ ಅವನು ತಿಂದಿರಲೇ ಇಲ್ಲ. ಈ ಸಲವಾದರೂ ತಿಂದಿದ್ದನೇ? ಒಳಗೆ ಹೋಗದ ಕೊಬ್ಬು ಹೊರಗೆ ಹೇಗೆ ಬಂದೀತು? ಗೆರೆ ಎಳೆಯದೆ ಪಟ್ಟಿ ಮುಚ್ಚಿದೆ. ಸೀಸದ ಕಡ್ಡಿ ಖಾನೆಯಲ್ಲೇ ಉಳಿಯಿತು.

ಫಲಿತಾಂಶ ಕೇಳಲು ಗಂಡಹೆಂಡತಿ ಬಂದಾಗ ನೀಲಮ್ಮನನ್ನು ಹಿಡಿದು ನಿಲ್ಲಿಸಿದೆ. ಮೊದಲ ಸಲದ ತುಪ್ಪ ಉಂಡೆಗೆ. ಎರಡನೆಯ ಸಲದ್ದು?

ಶರಣಪ್ಪನೇ ಹೇಳಿದ. “ಮೂರ ಮಕ್ಕಳು ಎದುರಿಗೆ ಕುಂತು ಮಾರಿ ನೋಡ್ತಾವ್ರಿ ಸರ. ನಾ ಒಬ್ಬಾವ ಹ್ಯಾಂಗ ಗುಳುಂ ಅನ್ನಿಸ್ಲಿ? ಎಲ್ಲಾರ ರೊಟ್ಟಿಗೂ ಸವರಿದ್ವಿ.”

“ಔಷಧ ಅಂತ ಹೇಳಿದ್ದೆನಲ್ಲೋ ಮಾರಾಯಾ!”

“ತುಪ್ಪ ಎಲ್ಯಾರ ಔಷಧ ಆಗ್ತದೇನ್ರಿ?” ಎಂದು ನೀಲಮ್ಮ ನನ್ನ ತಿಳುವಳಿಕೆಗೆ ನಕ್ಕಳು.

ನಮ್ಮ ಅಧ್ಯಯನದ ನಿಯಮಾವಳಿ ಕಂತೆಗಟ್ಟಲೆ ಇತ್ತು. ರೋಗಿಯ ವಯಸ್ಸು, ಎತ್ತರ, ತೂಕ, ತಂಬಾಕು, ಎಲ್ಲವನ್ನೂ ಕೇಳುತ್ತಿತ್ತು. ಊಟಕ್ಕೆ ಎಷ್ಟು ಜನ ಒಟ್ಟಿಗೆ ಕೂರುತ್ತೀರಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಇದನ್ನು ನಾನು ಮ್ಯಾಡಮ್‌ಗೆ ಸ್ವಲ್ಪ ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಅವರು ಕನ್ನಡಕ ತೆಗೆದು ಒರಸಿಕೊಂಡು, ಮೂರು ದಿನಕ್ಕೆ ವಾರ್ಡಿನಲ್ಲಿ ಒಂದು ಹಾಸಿಗೆ ಬರೆದುಕೊಟ್ಟರು. ಅಷ್ಟೇ ಪೊಟ್ಟಣ ತುಪ್ಪ ಅವನ ಮನೆಗೂ ಹೋಗಲಿ ಎಂದರು. ಇಲ್ಲದಿದ್ದರೆ ಅವನ ಗಂಟಲಲ್ಲಿ ಇಳಿಯುವುದಿಲ್ಲ.

ಆದರೂ ಇಳಿಯಲಿಲ್ಲ. ತಟ್ಟೆಯ ಮುಂದೆ ಕೂತವನು ನನ್ನನ್ನೇ ನೋಡಿದ. “ನೀವು ನಿಂತು ನೋಡ್ಕೋತ, ನಾ ಉಣಕೋತ? ಕೂಡ್ರಿ ಸರ.” ಮನೆಯಿಂದ ನನ್ನ ಪಾಲಿನ ತುಪ್ಪ ತಂದು ಮೂರು ದಿನ ಎರಡು ಹೊತ್ತು ಅವನೆದುರು ಕೂತು ಉಂಡೆ. ವಿಜ್ಞಾನಕ್ಕೆ ನನ್ನ ಸ್ವಂತ ಕೊಡುಗೆ ಇದೊಂದೇ. ಸೊಂಟದ ಸುತ್ತ ಇನ್ನೂ ಇದೆ.

ಈ ಸಲದ ಡಬ್ಬಿಯಲ್ಲಿ ಕೊಬ್ಬು ಎಷ್ಟಿತ್ತೆಂದರೆ, ನಾನು ತಕ್ಕಡಿಯನ್ನೇ ಅನುಮಾನಿಸಿ ಮತ್ತೆ ತೂಗಿದೆ. ಮಾತ್ರೆ ಶುರುವಾಯಿತು. ದೀಪಾವಳಿಯ ಹೊತ್ತಿಗೆ ಅಂಗಿ ಅವನದೇ ಅನ್ನಿಸುವಷ್ಟು ಮೈ ತುಂಬಿತ್ತು, ನೀಲಮ್ಮ ಸ್ಟೀಲಿನ ಡಬ್ಬಿ ತುಂಬ ಉಂಡೆ ತಂದಿದ್ದಳು. “ಇದು ಹೊಸಾದ್ರಿ ಅಣ್ಣಾರ, ಮನೀದು. ಅಂಜಬ್ಯಾಡ್ರಿ.” ಅಂಜದೆ ತಿಂದೆ.

ಈಗ ಆ ಡಬ್ಬಿ ಹಿಂದಿರುಗಿಸಬೇಕು. ನಮ್ಮ ಕಪಾಟಿನಲ್ಲಿ ನೂರಾರು ಡಬ್ಬಿಗಳಿದ್ದವು, ಒಂದಕ್ಕೂ ಇಂಥ ಸಮಸ್ಯೆ ಬಂದಿರಲಿಲ್ಲ. ಕೊನೆಗೆ ಅಂಗಡಿಯಿಂದ ಬಾಕರವಡಿ ತಂದು ತುಂಬಿದೆ. ಮುಚ್ಚಳ ಹಾಕುವಾಗ ಅಭ್ಯಾಸಬಲದಿಂದ ಅನುಮಾನ ಬಂತು: ಎಣ್ಣೆಯಲ್ಲಿ ಕರಿದ ತಿಂಡಿ, ಅವನ ಹೊಟ್ಟೆಗೆ ಅತಿಯಾದೀತೇ? ಕಾಗದ ತೆಗೆದುಕೊಂಡು ಡಬ್ಬಿಯಲ್ಲಿದ್ದ ಕೊಬ್ಬನ್ನು ಲೆಕ್ಕ ಹಾಕಿದೆ. ಹೆಚ್ಚೇ ಬಂತು. ಆಮೇಲೆ ಮಕ್ಕಳ ನೆನಪಾಗಿ ಐದರಿಂದ ಭಾಗಿಸಿ, ನಿಶ್ಚಿಂತೆಯಿಂದ ಮುಚ್ಚಳ ಒತ್ತಿದೆ.