ಅಪ್ಪನ ಕಡೆಯಿಂದ ಬಂದದ್ದು

ನಮ್ಮಣ್ಣ ತಂಬ್ರಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಅವನ ಎಡ ಮೊಲೆತೊಟ್ಟಿನ ಹಿಂದೆ ಗಂಟಾಗಿ ಬಹಳ ದಿನವಾಗಿತ್ತಂತೆ. ಜೋಳದ ಚೀಲ ಎದೆಗೊತ್ತಿ ಎತ್ತಿ ಎತ್ತಿ ಹಾಗಾಗಿದೆ ಎಂದುಕೊಂಡು ಸುಮ್ಮನಿದ್ದ. ತೊಟ್ಟು ಒಳಕ್ಕೆ ಎಳೆದುಕೊಂಡು ಬನಿಯನ್ನಿಗೆ ರಕ್ತ ಹತ್ತತೊಡಗಿದ ಮೇಲೆ ಅತ್ತಿಗೆ ನನಗೆ ಫೋನ್ ಮಾಡಿದರು. ನಾನು ಹಗರಿಬೊಮ್ಮನಹಳ್ಳಿಯಿಂದ ಹೋಗಿ ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋದೆ.

ಸ್ತನ ಕ್ಯಾನ್ಸರ್ ಎಂದರು ಡಾಕ್ಟರಮ್ಮ. ಹೊರಗೆ ಬೆಂಚಿನ ಮೇಲೆ ಕೂತು ಅಣ್ಣ ಮೊದಲು ಆಡಿದ ಮಾತು ಇದು: "ಗಂಟು ತೆಗಿಸ್ಯಾನ ಅಂತ ಹೇಳು. ಎಲ್ಲಿ ಅಂತ ಮಾತ್ರ ಯಾರಿಗೂ ಹೇಳಬ್ಯಾಡ." ಹೆಂಗಸರ ಕಾಯಿಲೆ ತನಗೆ ಬಂತಲ್ಲ ಎಂಬ ನಾಚಿಕೆ ಅವನನ್ನು ಸಾವಿನ ಭಯಕ್ಕಿಂತ ಹೆಚ್ಚು ಕುಗ್ಗಿಸಿತ್ತು.

ಆಪರೇಷನ್ ಆದ ಮೇಲೆ ಡಾಕ್ಟರಮ್ಮ, ಮನೆಯಲ್ಲಿ ಇನ್ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಪ್ಪನ ಅಕ್ಕ ಎದೆಯ ಹುಣ್ಣಿನಲ್ಲೇ ಸತ್ತಿದ್ದಳು.

"ನಮ್ಮಪ್ಪಗ ಏನೂ ಆಗಿರಲಿಲ್ಲರಿ" ಎಂದೆ.

"ಆಗಬೇಕು ಅಂತೇನಿಲ್ಲ. ಜೀನ್‌ನಲ್ಲಿರೋ ದೋಷ ಗಂಡಸಿನಲ್ಲಿ ಸುಮ್ಮನಿದ್ದು ಮಕ್ಕಳಿಗೆ ದಾಟಬಹುದು. ಕೆಲವು ಗಂಡಸರಿಗೆ ಕಾಯಿಲೇನೂ ತರಬಹುದು."

ಅಣ್ಣನ ರಕ್ತದಲ್ಲಿ ಆ ದೋಷ ಸಿಕ್ಕಿತು. ನಾನೂ ಕೊಟ್ಟೆ, ನನ್ನಲ್ಲೂ ಇತ್ತು. ಇದು ಕಾಯಿಲೆಯಲ್ಲ, ಬರುವ ಸಂಭವ ಉಳಿದವರಿಗಿಂತ ಹೆಚ್ಚು ಅಷ್ಟೇ, ಎದೆಯನ್ನೂ ಪ್ರಾಸ್ಟೇಟನ್ನೂ ತಪ್ಪದೆ ತೋರಿಸಿಕೊಳ್ಳುತ್ತಿರಿ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಅರ್ಥವೇನೋ ಆಯಿತು. ಆದರೂ ಸ್ನಾನಕ್ಕೆ ನಿಂತಾಗಲೆಲ್ಲ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಒಮ್ಮೊಮ್ಮೆ ಪಕ್ಕೆಲುಬನ್ನೇ ಗಂಟೆಂದು ತಿಳಿದು ಬೆವರುತ್ತಿದ್ದೆ.

ಅಣ್ಣನಿಗೂ ನನಗೂ ನಡುವಿನವಳಾದ ಅಕ್ಕನಿಗೆ ಹೇಳಲೇಬೇಕಿತ್ತು. ಅವಳ ಊರು ತೆಲಿಗಿಗೆ ಹೋದೆ. ಅವಳ ಮಗಳು ಹರಪನಹಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ಕೊಟ್ಟೂರಿನ ಕಡೆ ಸಂಬಂಧ ಕೂಡಿಬಂದಿತ್ತು. ಅಕ್ಕ ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ.

"ನಿಶ್ಚಯ ಆಗೋತನಕ ಬಾಯಿ ಬಿಡಬ್ಯಾಡ ತಮ್ಮ. ಗೊತ್ತಾದ್ರ ಯಾರು ಮಾಡ್ಕಂತಾರ ಈಕಿನ್ನ?"

"ನಿನಗೂ ಇರಬಹುದಕ್ಕ. ಮೊದಲು ನೀನು ರಕ್ತ ಕೊಡು."

"ನಾನು ಗಟ್ಟಿ ಅದೀನಿ. ನೀನು ಚಾ ಕುಡಿ."

ಚಹಾ ತಂದ ಹುಡುಗಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮುಂದಿನ ವಾರ ಅವಳದೇ ಫೋನ್ ಬಂತು: "ಮಾವ, ರಕ್ತ ಎಲ್ಲಿ ಕೊಡಬೇಕು? ಅವ್ವ ಒಲ್ಲೆ ಅಂತಾಳ. ನಾನ ಬರ್ತೀನಿ."

ಅವಳಲ್ಲೂ ಅದೇ ದೋಷವಿತ್ತು. ಅದರೊಂದಿಗೆ ಅಕ್ಕನದೂ ತಿಳಿದುಹೋಯಿತು. ಅಕ್ಕನನ್ನು ದಾಟದೆ ಅದು ಮಗಳಿಗೆ ಬರುವ ಹಾಗಿರಲಿಲ್ಲ. ಕೊಟ್ಟೂರಿನ ಹುಡುಗನಿಗೆ ಅವಳೇ ಎಲ್ಲ ಹೇಳಿದಳು. ಅವನು ಸಮಾಧಾನದಿಂದಲೇ ಕೇಳಿ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದನಂತೆ. ಆಮೇಲೆ ಅಲ್ಲಿಂದ ಸುದ್ದಿ ಬರಲಿಲ್ಲ. ಅಕ್ಕ ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ ಮಗಳೇ ಹಟ ಹಿಡಿದು ತಾಯಿಯನ್ನು ದಾವಣಗೆರೆಗೆ ಹೊರಡಿಸಿದಳು. ನಾನೂ ಹೋದೆ. ಸ್ಕ್ಯಾನಿಂಗ್‌ನಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಇದೇ ದೋಷದಿಂದ ಅಂಡಾಶಯಕ್ಕೂ ಕ್ಯಾನ್ಸರ್ ಬರಬಹುದು, ಅದರ ಬಗ್ಗೆಯೂ ಯೋಚಿಸಬೇಕು, ಮತ್ತೆ ಬನ್ನಿ ಎಂದರು. ಅಕ್ಕ ತಲೆಯಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತೆಲಿಗಿ ಹತ್ತಿರವಾದಾಗ, ಎಷ್ಟೋ ತಿಂಗಳ ಮೇಲೆ ಮಾತಾಡಿದಳು.

"ಅಣ್ಣ ಹೆಂಗದಾನ?"

"ಗುಳಿಗಿ ತಗಂತಾನ. ಗಿರಣ್ಯಾಗ ಕುಂದ್ರತಾನ, ಚೀಲ ಎತ್ತಲ್ಲ. ಎಂಥ ಬಿಸಲಾಗೂ ಅಂಗಿ ಬಿಚ್ಚಂಗಿಲ್ಲ."

ಕಿಟಕಿಯಿಂದ ನನ್ನ ಕಡೆ ತಿರುಗಿ, "ನಿನ್ನ ಮಗ ಪರೀಕ್ಷೆ ಮಾಡಿಸ್ಯಾನೇನು?" ಎಂದಳು.

ನನ್ನ ಮಗ ಹಡಗಲಿಯಲ್ಲಿ ಲೈನ್‌ಮನ್. ಅವನಿಗೆ ಸಣ್ಣ ಮಗಳಿದ್ದಾಳೆ. ಈ ಮಾತೆತ್ತಿದರೆ ಸಾಕು, ಎದ್ದು ಹೊರಗೆ ಹೋಗುತ್ತಾನೆ.

"ಒಲ್ಲೆ ಅಂತಾನಕ್ಕ" ಎಂದೆ.

ಅಕ್ಕ ಪಕ್ಕದಲ್ಲಿದ್ದ ಮಗಳ ಮುಖ ನೋಡಿದಳು. ಬಸ್ಸು ನಿಂತಿತು. ಮಗಳು ಅವಳ ಕೈ ಹಿಡಿದು ಇಳಿಸಿಕೊಂಡಳು.