ಒಂದು ಗಂಗಾಳ, ಆರು ಕೈ

ನಮ್ಮ ಹಿತ್ತಲ ಬಾವಿಯ ಮೀನುಗಳು ಬೆಳೆಯುವ ಜಾತಿಯವಲ್ಲ ಎಂದು ನಾನು ಮದುವೆಯಾಗುವವರೆಗೂ ನಂಬಿದ್ದೆ. ಆಗ ನನ್ನ ತವರೂರು ಬಸವಕಲ್ಯಾಣವನ್ನು ಕಲ್ಯಾಣಿ ಎನ್ನುತ್ತಿದ್ದರು. ನಿಜಾಮನ ಆಳ್ವಿಕೆ, ಹೊರಗೆಲ್ಲೋ ದೊಡ್ಡ ಯುದ್ಧ. ನಾನು ಚಿಕ್ಕವಳಿದ್ದಾಗ ಅಪ್ಪ ಕೆರೆಯಿಂದ ಒಂದು ಕೊಡ ಮೀನುಮರಿ ತಂದು, ನೀರಿನಲ್ಲಿ ಹುಳವಾಗಬಾರದೆಂದು ಬಾವಿಗೆ ಸುರಿದಿದ್ದ. ನಾವು ಮೀನು ತಿನ್ನುವ ಮಂದಿಯಲ್ಲ, ಹಾಗಾಗಿ ಅವುಗಳ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಊಟವಾದ ಮೇಲೆ ಅವ್ವ ರೊಟ್ಟಿಯ ಚೂರು ಉದುರಿಸುತ್ತಿದ್ದಳು. ಚೂರು ಬಿದ್ದಲ್ಲಿಗೆ ಮೊದಲು ನುಗ್ಗುವ ಒಂದೆರಡು ಮೀನು ಅಂಗೈಯಷ್ಟಾಗಿದ್ದವು. ಉಳಿದವು ವರ್ಷಗಟ್ಟಲೆ ಕಿರುಬೆರಳಿನಷ್ಟೇ. ಅವು ಸಣ್ಣ ಜಾತಿ ಎನ್ನುತ್ತಿದ್ದಳು ಅವ್ವ.

ಮದುವೆಯಾಗಿ ಹುಮನಾಬಾದಿಗೆ ಬಂದೆ. ಮನೆಯಲ್ಲಿ ಮೂರೇ ಜನ: ಗಂಡ, ಅತ್ತೆ, ನಾನು. ಅವರ ಬಾವಿಯ ನೀರಿನಲ್ಲಿ ಹುಳ ಕಂಡು ನನಗೆ ಅಸಹ್ಯವಾಯಿತು. ಮೊದಲ ಸಲ ತವರಿಗೆ ಹೋದಾಗ, ಕೊಡದೊಳಗೆ ಸಿಕ್ಕಿಬಿದ್ದ ಮೂರು ಸಣ್ಣ ಮೀನುಗಳನ್ನು ತಂಬಿಗೆಗೆ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ತಂದೆ. ಎತ್ತಿನ ಗಾಡಿಯಲ್ಲಿ ಇಡೀ ದಿನದ ದಾರಿ. ನಾನು ನಿಮಿಷಕ್ಕೊಮ್ಮೆ ಬಟ್ಟೆ ಬಿಚ್ಚಿ ನೋಡುವುದನ್ನು ಕಂಡು ಗಂಡ ನಕ್ಕ. "ಹಿಂಗ ನೋಡಕೋತ ಇದ್ರ ಅವು ನಾಚಿಕಿಂದೇ ಸಾಯ್ತಾವ ನೋಡು!" ಒಂದು ಸತ್ತೇ ಹೋಯಿತು. ಎರಡನ್ನು ಬಾವಿಗೆ ಬಿಟ್ಟೆ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬಾವಿಕಟ್ಟೆಯಿಂದ ಕೂಗಿದರು. "ಏ ಹುಡುಗಿ, ಸಣ್ಣ ಜಾತಿ ಅಂದಿದ್ದೆಲ್ಲ? ಬಂದು ನೋಡು, ಗೇಣುದ್ದ ಆಗ್ಯಾವ!"

ಓಡಿಹೋಗಿ ಬಗ್ಗಿ ನೋಡಿದೆ. ಖರೆ, ಗೇಣುದ್ದದ ಎರಡು ಮೀನು, ಕಪ್ಪು ಬೆನ್ನು ಹೊರಳಿಸುತ್ತ ಆರಾಮವಾಗಿ ತಿರುಗುತ್ತಿದ್ದವು. ತವರಿನ ಬಾವಿಯಲ್ಲಿ ಎಲ್ಲಕ್ಕಿಂತ ಬಡಕಲಾಗಿದ್ದವು ಅವೇ. ಜಾತಿ ಸಣ್ಣದಾಗಿರಲಿಲ್ಲ, ಹೊಟ್ಟೆ ಹಸಿದಿತ್ತು, ಅಷ್ಟೇ. ಅತ್ತೆ ನಗುತ್ತಿದ್ದರು. ನನಗೆ ಮಾತ್ರ ತಂಗಿಯ ನೆನಪಾಯಿತು.

ಆರು ಮಕ್ಕಳಲ್ಲಿ ನಾನು ಮೊದಲನೆಯವಳು, ಅವಳು ನಾಲ್ಕನೆಯವಳು. ಅವಳನ್ನು ಕಂಡವರೆಲ್ಲ ಇನ್ನೂ ಸಣ್ಣ ಕೂಸು ಎನ್ನುತ್ತಿದ್ದರು. ಅಜ್ಜಿಯ ಹಾಗೆ, ಅವಳ ಮೈಕಟ್ಟೇ ಅಷ್ಟು ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಾವಿ ನೋಡಿದ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ತವರಿಗೆ ಹೋಗುವ ಪಂಚಮಿ ಹಬ್ಬಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

ಹಬ್ಬಕ್ಕೆ ಹೋದವಳೇ ತಂಗಿಯ ಲಂಗದ ಅಂಚು ಹಿಡಿದು ನೋಡಿದೆ. ಬೆಳೆದಂತೆ ಬಿಚ್ಚಲೆಂದು ನಾನೇ ಹಾಕಿದ್ದ ಮಡಿಕೆಯ ಹೊಲಿಗೆ ಮೂರು ವರ್ಷವಾದರೂ ಹಾಗೇ ಇತ್ತು. ಅವಳಿಗಿಂತ ಕಿರಿಯ ತಮ್ಮ ಅವಳನ್ನು ಮೀರಿ ಎತ್ತರವಾಗಿದ್ದ. ಊಟದ ಹೊತ್ತಿಗೆ ಅವ್ವ ಎಂದಿನಂತೆ ದೊಡ್ಡ ಕಂಚಿನ ಗಂಗಾಳದಲ್ಲಿ ರೊಟ್ಟಿ ಮುರಿದು ಬೇಳೆ ಕಲಸಿ ನಡುವೆ ಇಟ್ಟಳು. ನಮ್ಮ ಮನೆಯ ರೂಢಿ ಅದು: ಮಕ್ಕಳೆಲ್ಲ ಒಂದೇ ಗಂಗಾಳ, ಮೊದಲು ಆರು ಕೈ, ಈಗ ಐದು. ನಾನು ಬದಿಗೆ ನಿಂತು ನೋಡಿದೆ. ಹುಡುಗರು ಬಾಚುತ್ತಿದ್ದರು. ತಂಗಿ ಅಂಚಿನಲ್ಲಿ ಒಂದೊಂದೇ ಚೂರು ಹೆಕ್ಕುತ್ತಿದ್ದಳು. ಅವಳು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಗಂಗಾಳದ ತಳ ಕಂಡಿತು.

"ಅವ್ವಾ, ಆಕಿಗಿ ಬ್ಯಾರೆ ಗಂಗಾಳ ಹಾಕು."

ಅವ್ವನ ಮುಖ ಕೆಂಪಾಯಿತು. "ಬ್ಯಾರೆ ಗಂಗಾಳ? ನಾ ಜೀವಂತ ಇರೂತನಾ ಮಕ್ಕಳಿಗಿ ಪಾಲು ಮಾಡ್ಲೇನು? ನಾ ಎಲ್ಲಾರಿಗೂ ಬರಾಬರ್ ಹಾಕ್ತೀನಿ. ಇದೇ ಗಂಗಾಳದಾಗ ಉಂಡು ನೀ ಹ್ಯಾಂಗ ಬೆಳದಿ ನೋಡಿಕೋ!"

"ಬರಾಬರ್ ಹಾಕಿದ್ರ ಬರಾಬರ್ ಹೊಟ್ಟಿಗಿ ಹೋಗ್ತದೇನು? ಈ ನುಂಗುಬಾಕರು ಬಿಡ್ತಾರೇನು?" ಎಂದು ತಮ್ಮಂದಿರ ಮೇಲೆ ಹರಿಹಾಯ್ದೆ. ಮೀನಿನ ಕತೆಯನ್ನೂ ಹೇಳಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಬ್ಬದ ದಿನ ಹೆತ್ತವಳನ್ನು ಅಳಿಸಿದೆನಲ್ಲ ಎಂದು ಸಂಕಟವಾಯಿತು, ಆದರೂ ಹಟ ಬಿಡಲಿಲ್ಲ. ಗಂಡ ಕರೆಯಲು ಬಂದಾಗ ತಂಗಿಯನ್ನೂ ಗಾಡಿ ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ಅವಳ ಸಣಕಲು ಮುಂಗೈ ಹಿಡಿದುಕೊಂಡೇ ಕೂತಿದ್ದೆ. ನನ್ನಂಥ ಅಕ್ಕ ಯಾರಿಗಿದ್ದಾಳು ಎಂಬ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹುಮನಾಬಾದಿನಲ್ಲಿ ಗಾಡಿಯಿಳಿದು ಕೈಕಾಲು ತೊಳೆದೆವು. ಅತ್ತೆ ಅಕ್ಕರೆಯಿಂದ ನಮ್ಮಿಬ್ಬರಿಗೂ ಸೇರಿಸಿ ಒಂದೇ ಗಂಗಾಳದಲ್ಲಿ ಬಡಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಬೆಣ್ಣೆ. ತಂಗಿ ಒಂದು ತುತ್ತು ಮುರಿದು ತಿಂದಳು. ನಾನು ಕೈ ಚಾಚಿದೊಡನೆ ತನ್ನ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡಳು.

"ಯಾಕ, ತಿನ್ನು."

"ನೀ ಮೊದಲ ತಿನ್ನಕ್ಕಾ. ಆಮ್ಯಾಲ ನಾ ತಿಂತೀನಿ."

"ಇಲ್ಲಿ ಯಾರದೂ ಅಂಜಿಕಿಲ್ಲ. ಆ ಹುಡುಗ್ರು ಹೊಡಿತಿದ್ರೇನು?"

"ಅವ್ರು ಹೊಡೆಂಗಿಲ್ಲ." ಅವಳ ದನಿಯಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. "ನೀ ಹೊಡಿತಿದ್ದಿ. ನಿನಕಿಂತ ಮೊದಲ ನಡುವ ಕೈ ಹಾಕಿದ್ರ."

ನನಗೆ ಒಂದು ಸಲ ಹೊಡೆದದ್ದೂ ನೆನಪಿಲ್ಲ. ಇಂದಿಗೂ ನೆನಪಾಗಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಎದ್ದು ನಿಂತೆ.

"ಯಾಕ ಎದ್ದಿ? ಕುಂಡ್ರು, ಉಣ್ಣು" ಎಂದರು ಅತ್ತೆ ಒಲೆಯ ಮುಂದಿನಿಂದ.

ಕೂರಲಾಗಲಿಲ್ಲ. ಎಡಗೈಯಿಂದ ಗಂಗಾಳವನ್ನು ಅವಳ ಕಡೆ ಸರಿಸಿ ಬಾಗಿಲವರೆಗೆ ಹೋದೆ. ನಾನು ಅಷ್ಟು ದೂರ ಹೋದ ಮೇಲೆಯೇ ತಂಗಿ ಎರಡನೆಯ ತುತ್ತಿಗೆ ಕೈ ಹಾಕಿದಳು.